ಎಂಆರ್‌ಐ ಮಾಡಿಸೋದಾದರೆ 1.5 ಟೆಸ್ಲಾನಾ, 3 ಟೆಸ್ಲಾನಾ?

ಟೆಸ್ಲಾ ಅಂದರೆ ಮಷೀನಿನ ಅಯಸ್ಕಾಂತ ಎಷ್ಟು ಶಕ್ತಿಯದು ಅನ್ನೋ ಅಳತೆ. ಅಮ್ಮನ ಸೊಂಟನೋವಿಗೆ ಮೊದಲು ರಾಯಚೂರಿನಲ್ಲಿ ಎಂಆರ್‌ಐ ಮಾಡಿಸಿದೆವು, ಆರು ತಿಂಗಳಾದ ಮೇಲೆ ಬಳ್ಳಾರಿಯಲ್ಲಿ ಇನ್ನೊಂದು. ಡಾಕ್ಟರು ಎರಡೂ ಫಿಲ್ಮ್ ಬೆಳಕಿಗೆ ಹಿಡಿದು, ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕ್ ಮೇಲೆ ಪೆನ್ನಿನ ತುದಿ ಇಟ್ಟು, "ಇದು ನಿಜವಾಗ್ಲೂ ಜಾಸ್ತಿ ಆಗಿದೆಯೋ, ಮಷೀನ್ ಬೇರೆ ಅಂತ ಹೀಗೆ ಕಾಣ್ತಿದೆಯೋ ಹೇಳೋಕಾಗಲ್ಲ" ಅಂದರು. ತುಂಬಾ ಬೇಜಾರಾಯಿತು.

ಬದಿಗಳು ತೆರೆದಿರುವ ಓಪನ್ ಮಷೀನಿನಲ್ಲಿ ಉಸಿರುಗಟ್ಟಿದಂತೆ ಆಗಲ್ಲ, ಆದರೆ ಹೆಚ್ಚಿನವು ಕಡಿಮೆ ಶಕ್ತಿಯವು, ಚಿತ್ರ ಅಷ್ಟು ಸ್ಪಷ್ಟ ಬರಲ್ಲ. ಬೆನ್ನು, ಮಂಡಿ, ತಲೆಗೆ ಸಾಮಾನ್ಯವಾಗಿ 1.5 ಸಾಕು. ಮೂರ್ಛೆರೋಗಕ್ಕೆ ಕಾರಣವಾಗುವ ಸಣ್ಣ ಕಲೆ, ತೆಳು ನರ ಹುಡುಕಬೇಕಾದರೆ 3 ಟೆಸ್ಲಾ ಮೇಲು. ಮೈಯಲ್ಲಿ ರಾಡು, ಸ್ಕ್ರೂ ಇದ್ದರೆ ಮಾತ್ರ 3ರಲ್ಲಿ ಅದರ ಸುತ್ತ ಚಿತ್ರ ಜಾಸ್ತಿ ಕೆಡುತ್ತದೆ, ಅಂಥವರಿಗೆ 1.5 ಒಳ್ಳೆಯದು.

ಸುಮ್ನೆ ಟೆಸ್ಲಾ ಒಂದೇ ನೋಡಬೇಡಿ. ಹಳೆ ಕಾಯಿಲ್ (ಮೈಯಿಂದ ಬರುವ ಸಿಗ್ನಲ್ ಹಿಡಿಯುವ ಭಾಗ) ಹಾಕಿ, ದಪ್ಪ ಸ್ಲೈಸ್ (ಒಂದೊಂದು ಚಿತ್ರದಲ್ಲಿ ಕಾಣುವ ಪದರ) ಇಟ್ಟು, ಅವಸರದಲ್ಲಿ ಮುಗಿಸಿದ 3 ಟೆಸ್ಲಾಗಿಂತ ನಿಧಾನವಾಗಿ ಸರಿಯಾಗಿ ತೆಗೆದ 1.5 ಎಷ್ಟೋ ವಾಸಿ ಅಲ್ವಾ?

ಗಡ್ಡೆಯಂಥದ್ದಕ್ಕೆ ಮತ್ತೆ ಮತ್ತೆ ಮಾಡಿಸುವವರು ಅದೇ ಸೆಂಟರ್, ಅದೇ ಮಷೀನ್ ಹಿಡಿಯಿರಿ. ಫಿಲ್ಮ್ ಜೊತೆ ಸಿಡಿನೂ ಕೇಳಿ ತಗೊಳ್ಳಿ.