ಮನೆಯಲ್ಲೇ ಓದುವ ಮಕ್ಕಳಿಗೆ ಆನ್‌ಲೈನ್ ಹೈಸ್ಕೂಲ್ ಹುಡುಕುತ್ತಿದ್ದೀರಾ? ಬೋರ್ಡ್ ಯಾವುದು ಅಂತ ಕೇಳದೆ ಒಂದು ರೂಪಾಯಿ ಕಟ್ಟಬೇಡಿ

ನೇರ ವಿಷಯಕ್ಕೆ ಬರುತ್ತೇನೆ. ಮಗಳ ಹತ್ತನೇ ಕ್ಲಾಸಿಗೆ ಅಂತ ಒಂದು ಆನ್‌ಲೈನ್ ಹೈಸ್ಕೂಲಿಗೆ 64,000 ರೂಪಾಯಿ ಒಪ್ಪಿಕೊಂಡೆವು. ಏಳು ತಿಂಗಳು ಅವಳು ಕಷ್ಟಪಟ್ಟು ಓದಿದಳು. ಅವರು ಕೊಡುವ ಸರ್ಟಿಫಿಕೇಟ್ ಹಿಡಿದುಕೊಂಡು ಹೋದರೆ ಪಿಯುಸಿಗೆ ಸೀಟು ಸಿಗುವುದಿಲ್ಲ ಅಂತ ನಮಗೆ ಗೊತ್ತಾಗಿದ್ದು ಜನವರಿಯಲ್ಲಿ. ಮಗಳ ಒಂದು ವರ್ಷ ಹೋಯಿತು. ದುಡ್ಡೂ ಹೋಯಿತು. ಇದನ್ನು ಬರೆಯೋಣ ಅಂತ ಎಷ್ಟೋ ಸಲ ಕೂತು ಎದ್ದಿದ್ದೇನೆ. ನಾಚಿಕೆ. ಯಾಕೆಂದರೆ ಮನೆಯಲ್ಲಿ ಎಲ್ಲರೂ ಬೇಡ ಅಂದಾಗ ಹಟ ಹಿಡಿದು ಸೇರಿಸಿದವಳು ನಾನೇ.

ನಮ್ಮದು ಸಕಲೇಶಪುರ ತಾಲ್ಲೂಕು. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. ಮನೆಯಿಂದ ಟಾರ್ ರಸ್ತೆಗೆ ಎರಡು ಕಿಲೋಮೀಟರ್, ತೋಟದ ಒಳಗಿನ ದಾರಿ. ಮಗಳು ಎಂಟನೇ ಕ್ಲಾಸಿನವರೆಗೆ ಶಾಲೆಗೇ ಹೋದಳು. ಆಮೇಲೆ ನಮ್ಮ ಕಡೆ ಆನೆ ಕಾಟ ಜಾಸ್ತಿಯಾಯಿತು. ಆನೆ ಯಾವ ಎಸ್ಟೇಟಿನಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜ್ ಬರುತ್ತದೆ, ನಿಜ. ಆದರೆ ಬೆಳಿಗ್ಗೆ ಏಳಕ್ಕೆ ಮಂಜಿನಲ್ಲಿ ಮಗುವನ್ನು ಬಸ್ಸಿಗೆ ಕಳಿಸುವಾಗ ಆ ಮೆಸೇಜ್ ನೋಡಿಕೊಂಡು ಧೈರ್ಯ ಬರುತ್ತದಾ? ಒಂದು ದಿನ ಕಳಿಸಿದರೆ ಎರಡು ದಿನ ಇಲ್ಲ ಅನ್ನುವ ಹಾಗಾಯಿತು. ಹಾಸ್ಟೆಲಿಗೆ ಅವಳು ಒಪ್ಪಲಿಲ್ಲ. ಕೊನೆಗೆ ಮನೆಯಲ್ಲೇ ಓದಿಸೋಣ ಅಂತ ತೀರ್ಮಾನ ಮಾಡಿದೆವು. ಒಂಬತ್ತನೆಯದು ಹಾಗೇ ಮುಗಿಯಿತು, ಚೆನ್ನಾಗಿಯೇ ಮುಗಿಯಿತು. ಅದರ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಹತ್ತನೆಯದಕ್ಕೆ ಮಾತ್ರ ಪರೀಕ್ಷೆ ಬೇಕಲ್ವಾ? ಸರ್ಟಿಫಿಕೇಟ್ ಬೇಕಲ್ವಾ? ಹೋದ ಜೂನ್‌ನಲ್ಲಿ ಒಂದು ರಾತ್ರಿ ಫೋನಿನಲ್ಲಿ ಹುಡುಕಿದೆ. ಒಂದು ಕಡೆ ಹೆಸರು, ನಂಬರ್ ತುಂಬಿಸಿದೆ. ಹತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು. ರಾತ್ರಿ ಒಂಬತ್ತೂವರೆಗೆ! ಆಗಲೇ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ. ಎಷ್ಟು ಕಾಳಜಿ ಇದೆ ಇವರಿಗೆ ಅಂದುಕೊಂಡೆ.

ಮಾತಾಡಿದವನು ಚಿಕ್ಕ ವಯಸ್ಸಿನ ಹುಡುಗ. ಅಕಾಡೆಮಿಕ್ ಕೌನ್ಸೆಲರ್ ಅಂತೆ. ಮೊದಲು ಮೇಡಂ ಅಂದ. ಸಕಲೇಶಪುರ ಅಂದ ಕೂಡಲೇ "ಅಯ್ಯೋ ಅಕ್ಕಾ, ನಮ್ಮಜ್ಜಿ ಮನೆ ಬೇಲೂರು" ಅಂದ. ಅಲ್ಲಿಂದ ಎಲ್ಲ ಅಕ್ಕಾ, ಅಕ್ಕಾ. ಆನೆ ವಿಷಯ ಕೇಳಿದ, ಮಳೆ ಕೇಳಿದ, ಕಾಫಿ ರೇಟ್ ಕೇಳಿದ. ಮಗಳಿಗೆ ಏನು ಇಷ್ಟ ಅಂತ ಕೇಳಿದ. ನಾನು ಬೋರ್ಡ್ ಯಾವುದು ಅಂತ ಕೇಳಿದೆ. ಕೇಳಲಿಲ್ಲ ಅಂತಲ್ಲ, ಕೇಳಿದೆ. ಅವನು ಹೇಳಿದ್ದು ಇದು: "ಅಕ್ಕಾ, ನಮ್ಮದು ಇಂಟರ್‌ನ್ಯಾಷನಲ್ ಓಪನ್ ಬೋರ್ಡ್, ಗವರ್ನಮೆಂಟ್ ಆಫ್ ಇಂಡಿಯಾ ರಿಜಿಸ್ಟರ್ಡ್. ಪಿಯುಸಿ, ಡಿಗ್ರಿ, ಎಲ್ಲಿ ಬೇಕಾದರೂ ನಡೆಯುತ್ತೆ." ರಿಜಿಸ್ಟರ್ಡ್ ಅಂದ. ನಾನು ಮಾನ್ಯತೆ ಅಂತ ಕೇಳಿಸಿಕೊಂಡೆ. ಎರಡೂ ಒಂದೇ ಅಂದುಕೊಂಡೆ.

ವಾಟ್ಸಾಪ್‌ನಲ್ಲಿ ಐದಾರು ಕಾಗದ ಕಳಿಸಿದ. ಒಂದರಲ್ಲಿ ಐಎಸ್‌ಒ 9001 ಅಂತ ಇತ್ತು. ಇನ್ನೊಂದು ಉದ್ಯಮ್ ನೋಂದಣಿ. ಮತ್ತೊಂದು ಟ್ರಸ್ಟ್ ರಿಜಿಸ್ಟ್ರೇಷನ್. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಇರುವ ಕಾಗದವೂ ಇತ್ತು. ಎಲ್ಲದರ ಮೇಲೂ ಸೀಲು, ಎಲ್ಲದಕ್ಕೂ ನಂಬರು. ನಮ್ಮನೆಯವರಿಗೆ ತೋರಿಸಿದೆ, ನೋಡಿ ಸರ್ಕಾರದ್ದೇ ಇದೆ ಅಂತ. ಈಗ ಗೊತ್ತು. ಐಎಸ್‌ಒ 9001 ಅಂದರೆ ಸಂಸ್ಥೆಯ ಕೆಲಸದ ಪದ್ಧತಿಗೆ ಕೊಡುವ ಸರ್ಟಿಫಿಕೇಟ್, ಅದನ್ನು ಕಾರ್ಖಾನೆಯವರೂ ತೆಗೆದುಕೊಳ್ಳುತ್ತಾರೆ. ಉದ್ಯಮ್ ನೋಂದಣಿ ಯಾವ ಸಣ್ಣ ಅಂಗಡಿಯವರಾದರೂ ಆನ್‌ಲೈನ್‌ನಲ್ಲಿ ಮಾಡಿಸಬಹುದು. ದರ್ಪಣ್ ಇರುವುದು ಟ್ರಸ್ಟು, ಸಂಘ-ಸಂಸ್ಥೆಗಳ ನೋಂದಣಿಗೆ. ಹತ್ತನೇ ಕ್ಲಾಸಿನ ಪರೀಕ್ಷೆ ನಡೆಸುವ ಅಧಿಕಾರ ಇದರಲ್ಲಿ ಒಂದರಿಂದಲೂ ಬರುವುದಿಲ್ಲ. ಒಂದರಿಂದಲೂ ಇಲ್ಲ.

ಮಾರನೆಯ ದಿನ ಡೆಮೊ ಕ್ಲಾಸ್. ಗಣಿತದ ಟೀಚರ್ ನಿಜವಾಗಲೂ ಚೆನ್ನಾಗಿ ಪಾಠ ಮಾಡಿದರು. ಮಗಳ ಮುಖ ಅರಳಿತು. ಆ ಮುಖ ನೋಡಿಯೇ ನಾನು ಸೋತೆ. ಹಾಸನದಲ್ಲಿರುವ ನಾದಿನಿ ಫೋನಿನಲ್ಲಿ ಹೇಳಿದಳು, "ಅತ್ತಿಗೆ, ಅವಸರ ಮಾಡಬೇಡಿ, ಇಲ್ಲಿ ಯಾವುದಾದರೂ ಕಾಲೇಜಲ್ಲಿ ಒಂದು ಮಾತು ಕೇಳಿ ಹೇಳ್ತೀನಿ" ಅಂತ. ಆದರೆ ಆ ಹುಡುಗ ಸ್ಕಾಲರ್‌ಶಿಪ್ ಇವತ್ತು ಸಂಜೆ ಆರು ಗಂಟೆಯವರೆಗೆ ಮಾತ್ರ ಅಂದಿದ್ದ. ಆಮೇಲೆ 96,000 ಆಗುತ್ತದೆ ಅಂದಿದ್ದ. ಐದೂಕಾಲಿಗೆ 4,000 ಕಳಿಸಿದೆ. ಉಳಿದ 60,000 ತಿಂಗಳಿಗೆ 5,000ದ ಹಾಗೆ 12 ಕಂತು, ಬಡ್ಡಿ ಇಲ್ಲ ಅಂದ. ಆಧಾರ್, ಪ್ಯಾನ್ ಫೋಟೋ ಕೇಳಿದ, ಕಳಿಸಿದೆ. ಒಟಿಪಿ ಬರುತ್ತೆ, ಹೇಳಿ ಅಕ್ಕಾ ಅಂದ. ಹೇಳಿದೆ. ಒಂದಲ್ಲ, ಮೂರು ಒಟಿಪಿ ಹೇಳಿದೆ.

ಅದು ಶಾಲೆಯ ಕಂತು ಅಲ್ಲ. ನನ್ನ ಹೆಸರಿಗೆ ಒಂದು ಫೈನಾನ್ಸ್ ಕಂಪನಿಯಿಂದ ತೆಗೆದ ಸಾಲ. ಸಾಲದ ಪೂರ್ತಿ ದುಡ್ಡು ಅವರಿಗೆ ಮೊದಲೇ ಹೋಗಿದೆ. ತಿಂಗಳು ತಿಂಗಳು ಕಟ್ಟುತ್ತಿರುವುದು ಫೈನಾನ್ಸಿನವರಿಗೆ. ಇದು ನನಗೆ ಜನವರಿವರೆಗೆ ಗೊತ್ತೇ ಇರಲಿಲ್ಲ.

ಪಾಠ ನಡೆಯಿತು, ಇಲ್ಲ ಅನ್ನುವುದಿಲ್ಲ. ಜುಲೈ, ಆಗಸ್ಟ್ ಮಳೆಯಲ್ಲಿ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ಅವಳು ಗುಡ್ಡದ ಮೇಲಿನ ಶೆಡ್ಡಿಗೆ ಹೋಗಿ ಕೂತು ಕ್ಲಾಸ್ ಕೇಳಿದ್ದಾಳೆ. ಜೊತೆಗೆ ಅವರಪ್ಪ, ಆನೆ ಬಂದರೆ ಅಂತ. ಅಷ್ಟು ಕಷ್ಟಪಟ್ಟಳು.

ಜನವರಿ ಮೂರನೇ ವಾರ. ಕಾಫಿ ಕೊಯ್ಲು ನಡೆಯುತ್ತಿತ್ತು, ಆಳುಗಳನ್ನು ಬಿಟ್ಟು ಹಾಸನಕ್ಕೆ ಹೋಗಿದ್ದೆ. ಮುಂದಿನ ವರ್ಷ ಪಿಯುಸಿ ಸೈನ್ಸಿಗೆ ಸೀಟು, ಹಾಸ್ಟೆಲ್ ವಿಚಾರಿಸೋಣ ಅಂತ ಮಗಳನ್ನೂ ಕರೆದುಕೊಂಡು ಒಂದು ಕಾಲೇಜಿನ ಆಫೀಸಿಗೆ ಹೋದೆ. ಅಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ಇದ್ದರು. "ಯಾವ ಬೋರ್ಡಮ್ಮ?" ಅಂದರು. ನಾನು ಹೆಸರು ಹೇಳಿದೆ. ಜಂಬದಿಂದಲೇ ಹೇಳಿದೆ, ಇಂಟರ್‌ನ್ಯಾಷನಲ್ ಅಲ್ವಾ. ಅವರು ಕನ್ನಡಕ ಸರಿಮಾಡಿಕೊಂಡು "ಇನ್ನೊಂದ್ಸಲ ಹೇಳಿ" ಅಂದರು. ಹೇಳಿದೆ. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆಗೆದರು. ಕೋಬ್ಸೆ ಅಂತ ಇದೆ, ದೇಶದ ಶಾಲಾ ಬೋರ್ಡುಗಳೆಲ್ಲ ಸೇರಿರುವ ಕೌನ್ಸಿಲ್, ಅದರ ಸದಸ್ಯ ಬೋರ್ಡುಗಳ ಪಟ್ಟಿ. ಮೇಲಿಂದ ಕೆಳಗೆ ನೋಡಿದರು. ಮತ್ತೆ ಕೆಳಗಿಂದ ಮೇಲೆ ನೋಡಿದರು. ಆಮೇಲೆ ಸ್ಕ್ರೀನ್ ನನ್ನ ಕಡೆ ತಿರುಗಿಸಿ "ನೀವೇ ನೋಡ್ಕೊಳ್ಳಿ ತಾಯಿ" ಅಂದರು.

ಇರಲಿಲ್ಲ.

"ನಮ್ಮಲ್ಲಂತೂ ಆಗಲ್ಲ. ಬೇರೆ ಕಡೆನೂ ಇದನ್ನೇ ಹೇಳ್ತಾರೆ. ಎಸ್ಸೆಸ್ಸೆಲ್ಸಿ ಇರಬೇಕು, ಇಲ್ಲ ಸಿಬಿಎಸ್‌ಇ, ಐಸಿಎಸ್‌ಇ, ಎನ್‌ಐಒಎಸ್, ಹಿಂಗೆ ಯಾವುದಾದ್ರೂ ಮಾನ್ಯತೆ ಇರೋದು ಇರಬೇಕು" ಅಂದರು. ಬೈದು ಹೇಳಲಿಲ್ಲ, ಮರುಕದಿಂದ ಹೇಳಿದರು. ಅದೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ಪಕ್ಕದಲ್ಲಿ ಮಗಳು ನಿಂತಿದ್ದಳು. ಅವಳು ಒಂದೇ ಮಾತು ಕೇಳಿದಳು, "ಅಮ್ಮ, ಹಂಗಾದ್ರೆ ನಾನು ಹತ್ತನೇ ಕ್ಲಾಸು ಓದೇ ಇಲ್ವಾ?" ಬಸ್‌ಸ್ಟ್ಯಾಂಡಿನವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಬಸ್ಸಿನಲ್ಲೇ ಆ ಹುಡುಗನಿಗೆ ಫೋನ್ ಮಾಡಿದೆ. ನಂಬರ್ ಚಾಲ್ತಿಯಲ್ಲಿಲ್ಲ. ಕಸ್ಟಮರ್ ಕೇರ್‌ಗೆ ಮಾಡಿದೆ. ಅವರ ಉತ್ತರಗಳನ್ನು ಹಾಗೆಹಾಗೇ ಬರೆಯುತ್ತೇನೆ, ನಿಮಗೂ ಇದೇ ಉತ್ತರ ಬಂದರೆ ಗುರುತು ಸಿಗಲಿ.

ಮೊದಲನೆಯ ದಿನ: "ಮೇಡಂ, ಆ ಕೌನ್ಸೆಲರ್ ಈಗ ನಮ್ಮ ಕಂಪನಿಯಲ್ಲಿಲ್ಲ. ಅವರು ಬಾಯಲ್ಲಿ ಏನು ಹೇಳಿದ್ದಾರೋ ಅದಕ್ಕೆ ನಾವು ಜವಾಬ್ದಾರರಲ್ಲ. ಟಿಕೆಟ್ ರೈಸ್ ಮಾಡಿ." ಮಾಡಿದೆ.

ಮೂರನೆಯ ದಿನ, ಬೇರೆ ಹೆಣ್ಣುಮಗಳು: "ನಾವು ಬೋರ್ಡ್ ಅಂತ ಎಲ್ಲೂ ಬರೆದಿಲ್ಲ ಮೇಡಂ, ಲರ್ನಿಂಗ್ ಪ್ಲಾಟ್‌ಫಾರ್ಮ್ ಅಂತ ಬರೆದಿದ್ದೀವಿ. ಟರ್ಮ್ಸ್ ಓದಿ ಓಕೆ ಕೊಟ್ಟಿದ್ದೀರಲ್ಲ?" ಹಾಗಾದರೆ ಹತ್ತನೇ ಕ್ಲಾಸಿನ ಸರ್ಟಿಫಿಕೇಟ್ ಅಂತ ಹೇಳಿ ಸೇರಿಸಿಕೊಂಡಿದ್ದು ಯಾಕೆ ಅಂತ ಕೇಳಿದೆ. ಲೈನ್ ಕಟ್.

ಮತ್ತೊಬ್ಬ: "ವಿದೇಶಿ ಬೋರ್ಡ್ ಜೊತೆ ಟೈ-ಅಪ್ ಇದೆ, ಎಐಯು ಈಕ್ವಿವಲೆನ್ಸ್ ಪ್ರೋಸೆಸ್‌ನಲ್ಲಿದೆ." ಎಐಯು ಅಂದರೆ ವಿಶ್ವವಿದ್ಯಾಲಯಗಳ ಸಂಘ, ವಿದೇಶಿ ಸರ್ಟಿಫಿಕೇಟ್ ಇಲ್ಲಿಯದಕ್ಕೆ ಸಮ ಅಂತ ಹೇಳುವವರು. ಯಾವ ದೇಶದ ಬೋರ್ಡ್ ಅಂದೆ. "ಅದು ಕಾನ್ಫಿಡೆನ್ಷಿಯಲ್" ಅಂದ. ಮಗು ಪಡೆಯುವ ಸರ್ಟಿಫಿಕೇಟಿನ ಮೇಲೆ ಇರಬೇಕಾದ ಹೆಸರು ಗುಟ್ಟಾ?

ರೀಫಂಡ್ ಕೇಳಿದರೆ: "ನಿಮ್ಮ ಮಗಳು 140 ಗಂಟೆ ಲಾಗಿನ್ ಆಗಿದ್ದಾಳೆ. ಸರ್ವಿಸ್ ಬಳಸಿದ್ದೀರಿ. ಏಳು ದಿನದ ಒಳಗೆ ಹೇಳಬೇಕಿತ್ತು." ಅವಳು ಗುಡ್ಡದ ಮೇಲೆ ಕೂತು ಓದಿದ ಗಂಟೆಗಳನ್ನು ಲೆಕ್ಕ ಹಾಕಿ ನನ್ನ ಮುಂದೆ ಇಟ್ಟರು. ನನಗೆ ಎಲ್ಲಕ್ಕಿಂತ ಜಾಸ್ತಿ ಉರಿದಿದ್ದು ಇದು ಅಂದುಕೊಂಡಿದ್ದೆ.

ಅಲ್ಲ. ಕೊನೆಯ ಉತ್ತರ ಇದಕ್ಕಿಂತ ಕಡೆ. "ಬೇಜಾರು ಮಾಡ್ಕೋಬೇಡಿ ಮೇಡಂ, ಇನ್ನು 12,000 ಕೊಟ್ಟರೆ ನಾವೇ ಎನ್‌ಐಒಎಸ್‌ನಲ್ಲಿ ಅಡ್ಮಿಷನ್ ಮಾಡಿಸಿಕೊಡ್ತೀವಿ." ಅಂದರೆ ಎನ್‌ಐಒಎಸ್ ಅನ್ನುವುದು ಇದೆ, ಅದು ನಡೆಯುತ್ತದೆ, ತಮ್ಮದು ನಡೆಯುವುದಿಲ್ಲ ಅಂತ ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೇ ಮಾಡಿದರು.

ಎನ್‌ಐಒಎಸ್ ಗೊತ್ತಿಲ್ಲದವರಿಗೆ: ಅದು ಕೇಂದ್ರ ಸರ್ಕಾರದ ಮುಕ್ತ ಶಾಲೆ, 1989ರಿಂದ ಇದೆ. ಮುಖ್ಯ ಕಚೇರಿ ನೋಯ್ಡಾದಲ್ಲಿ, ನಮಗೆ ಹತ್ತಿರದ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು. ಐದು ವಿಷಯ ಸಾಕು. ಭಾಷೆಯಾಗಿ ಕನ್ನಡ ತೆಗೆದುಕೊಳ್ಳಬಹುದು. ಪಾಸಾಗಲು 33 ಅಂಕ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಒಮ್ಮೆ ಸೇರಿದರೆ ಐದು ವರ್ಷದವರೆಗೆ ಒಂದೊಂದೇ ವಿಷಯ ಬೇಕಾದರೂ ಮುಗಿಸಬಹುದು. ಪುಸ್ತಕಗಳು ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಅರ್ಜಿ ನಾವೇ ಹಾಕಿದೆವು, ನಾದಿನಿಯ ಮನೆಯಲ್ಲಿ ಕೂತು, ಒಂದು ಸಂಜೆಯಲ್ಲಿ. ಐದು ವಿಷಯಕ್ಕೆ ಎರಡು ಸಾವಿರದೊಳಗೆ ಮುಗಿಯಿತು. ಇದಕ್ಕೆ ಅವರು 12,000 ಕೇಳಿದ್ದು!

ಜನವರಿ ಕೊನೆಯಲ್ಲಿ ಹಾಕಿದ್ದರಿಂದ ಅವಳಿಗೆ ಸಿಗುವುದು ಅಕ್ಟೋಬರ್ ಪರೀಕ್ಷೆ. ಅಂದರೆ ಈ ಜೂನ್‌ನಲ್ಲಿ ಪಿಯುಸಿ ಇಲ್ಲ. ಅವಳ ಜೊತೆಯವರು ಕಾಲೇಜಿಗೆ ಹೋಗುವಾಗ ಇವಳು ಮನೆಯಲ್ಲಿ ಮತ್ತೆ ಹತ್ತನೆಯದು ಓದುತ್ತಿರುತ್ತಾಳೆ. ಕಳೆದ ಜೂನ್‌ನಲ್ಲೇ ಆ ಎರಡು ಸಾವಿರ ಕಟ್ಟಿದ್ದರೆ ಈ ಏಪ್ರಿಲ್‌ನಲ್ಲಿ ಮುಗಿಯುತ್ತಿತ್ತು. ಇದನ್ನು ಎಷ್ಟು ಸಲ ಯೋಚಿಸಿದ್ದೇನೋ.

ಆನ್‌ಲೈನ್ ಪಾಠವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪಾಠ ಹೇಳಿಕೊಡುವವರು ಬೇರೆ, ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವವರು ಬೇರೆ. ಪಾಠ ಯಾರ ಹತ್ತಿರ ಬೇಕಾದರೂ ಕೇಳಿಸಿ. ಆದರೆ ಸರ್ಟಿಫಿಕೇಟಿನ ಮೇಲೆ ಯಾವ ಬೋರ್ಡಿನ ಹೆಸರು ಬರುತ್ತದೆ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಆ ಹೆಸರು ಹಿಡಿದುಕೊಂಡು ನಿಮ್ಮ ಊರಿನ ಪಿಯು ಕಾಲೇಜಿನ ಆಫೀಸಿಗೆ ಹೋಗಿ ಕೇಳಿ, ದುಡ್ಡು ಕಟ್ಟುವ ಮೊದಲು. ನಾನು ಏಳು ತಿಂಗಳ ಮೇಲೆ ಹೋದೆ. ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ನಮ್ಮ ರಾಜ್ಯದಲ್ಲಿದೆ, ಬಿಇಒ ಕಚೇರಿಯಲ್ಲಿ ವಿಚಾರಿಸಿ. ಸಂಜೆ ಆರರೊಳಗೆ ಅನ್ನುವವರ ಫೋನ್ ಇಟ್ಟುಬಿಡಿ. ಒಟಿಪಿ ಕೇಳಿದರೆ ಯಾವುದಕ್ಕೆ ಅಂತ ಮೆಸೇಜಿನಲ್ಲಿ ಪೂರ್ತಿ ಓದಿ, ನನ್ನ ಮೆಸೇಜಿನಲ್ಲಿ ಲೋನ್ ಅಂತ ಸ್ಪಷ್ಟವಾಗಿ ಇತ್ತು. ಮೊಬೈಲಿನಲ್ಲಿ ಕೊಡುವ ಸಾಲಕ್ಕೂ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಸಾಲದ ವಿವರವನ್ನು ಬರವಣಿಗೆಯಲ್ಲಿ ಕೊಡಬೇಕು, ಬೇಡ ಅನಿಸಿದರೆ ಶುರುವಿನ ಕೆಲವೇ ದಿನದಲ್ಲಿ ದಂಡವಿಲ್ಲದೆ ಹಿಂದಕ್ಕೆ ಕಟ್ಟಿ ಹೊರಬರಲು ಅವಕಾಶ ಇರಬೇಕು. ಆ ವಿವರ ನನ್ನ ಮೇಲ್‌ಗೆ ಬಂದಿತ್ತು, ಇಂಗ್ಲಿಷಿನಲ್ಲಿ. ನಾನು ತೆರೆದೇ ನೋಡಿರಲಿಲ್ಲ.

ಕಂತು ನಿಲ್ಲಿಸಿಬಿಡಿ ಅಂತ ಬಹಳ ಜನ ಹೇಳಿದರು. ಬ್ಯಾಂಕಿಗೂ ಹೋಗಿ ಕೇಳಿದೆ. ಖಾತೆಯಿಂದ ಕಟ್ ಆಗುವುದನ್ನು ನಿಲ್ಲಿಸಬಹುದು, ಆದರೆ ಸಾಲ ಹಾಗೇ ಉಳಿಯುತ್ತದೆ, ಸಿಬಿಲ್ ಹಾಳಾಗುತ್ತದೆ ಅಂದರು. ನಮಗೆ ಪ್ರತಿ ವರ್ಷ ಬೆಳೆ ಸಾಲ ಬೇಕು. ಹಾಗಾಗಿ ಕಟ್ಟುತ್ತಿದ್ದೇವೆ. ಜನವರಿ ಹೊತ್ತಿಗೆ 39,000 ಹೋಗಿತ್ತು, ಇನ್ನು 25,000 ಇತ್ತು. ಪ್ರತಿ ತಿಂಗಳು ಐದನೇ ತಾರೀಖು ಆ ಮೆಸೇಜ್ ಬಂದಾಗ ನಮ್ಮನೆಯವರು ಏನೂ ಅನ್ನುವುದಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಅಲ್ಲಿಂದ ಕಂಪನಿಗೆ ಹೋಯಿತು. ಕಂಪನಿಯವರು "ಗ್ರಾಹಕರ ಜೊತೆ ಮಾತಾಡಿ ಬಗೆಹರಿಸಲಾಗಿದೆ" ಅಂತ ಬರೆದು ಕಳಿಸಿದ್ದಾರೆ. ನನ್ನ ಜೊತೆ ಯಾರೂ ಮಾತಾಡಿಲ್ಲ. ಯಾರೂ ಮಾತಾಡಿಲ್ಲ ಅಂತ ಮತ್ತೆ ಬರೆದಿದ್ದೇನೆ. ಈಗ ಹಾಸನದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೇಸು ಹಾಕುತ್ತಿದ್ದೇನೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಕಂಪನಿ ಎಲ್ಲೇ ಇರಲಿ, ನಾವಿರುವ ಜಿಲ್ಲೆಯಲ್ಲೇ ಹಾಕಬಹುದು. ವಾಟ್ಸಾಪ್ ಮಾತುಕತೆ, ಆ ಸೀಲಿನ ಕಾಗದಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಪ್ರಿಂಟ್ ತೆಗೆಸಿ ಫೈಲ್ ಮಾಡಿದ್ದಾಳೆ ನಾದಿನಿ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ಮಗಳು ತಾನೂ ಬರುತ್ತೇನೆ ಅಂದಿದ್ದಾಳೆ.