ಮಲೆನಾಡಿನ ಮಳೆಗಾಲ ತಡೆದುಕೊಂಡ ಸಾಮಾನುಗಳು: ಹೆಡ್‌ಲ್ಯಾಂಪ್, ಪವರ್ ಬ್ಯಾಂಕ್, ಫಿಲ್ಟರ್, ಸೀಟಿ

ಆನ್‌ಲೈನ್‌ನಲ್ಲಿ ‘ಸರ್ವೈವಲ್ ಗ್ಯಾಜೆಟ್’ ಅಂತ ಹುಡುಕಿದರೆ ರಾಶಿ ಸಾಮಾನು ಬರುತ್ತವೆ. ಅವುಗಳ ವಿಮರ್ಶೆಗಳಲ್ಲಿ ಹೆಚ್ಚಿನವು ಡಬ್ಬಿ ಬಿಚ್ಚಿದ ವಾರದಲ್ಲೇ ಬರೆದಂಥವು. ನಾನು ಬರೆಯುತ್ತಿರುವುದು ಹಲವು ಮಳೆಗಾಲ ಕಂಡ ಸಾಮಾನುಗಳ ಬಗ್ಗೆ. ನಮ್ಮ ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಪಕ್ಕ. ಆಗುಂಬೆ ಇಲ್ಲಿಂದ ದೂರವೇನಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜೂನ್ ಕಳೆಯಿತು ಅಂದರೆ ಗೋಡೆ ಬೆವರುತ್ತದೆ, ಬೆಲ್ಟಿಗೆ ಬೂಸ್ಟು ಬರುತ್ತದೆ, ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲ. ಇಂಥ ಜಾಗದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ದಿನಾ ಕೈಗೆ ಬರುವ ಸಾಮಾನು ಆಪತ್ತಿನಲ್ಲೂ ಕೆಲಸ ಮಾಡುತ್ತದೆ. ಆಪತ್ತಿಗೆ ಬೇಕಾಗುತ್ತದೆ ಅಂತ ಬೀರುವಿನಲ್ಲಿ ಭದ್ರವಾಗಿ ಎತ್ತಿಟ್ಟದ್ದು ಬೇಕಾದ ಹೊತ್ತಿಗೆ ಕೈಕೊಡುತ್ತದೆ.

ಒಂದೇ ಒಂದು ಸಾಮಾನು ಕೊಳ್ಳುವುದಿದ್ದರೆ ಹೆಡ್‌ಲ್ಯಾಂಪ್, ಅಂದರೆ ಹಣೆಗೆ ಕಟ್ಟಿಕೊಳ್ಳುವ ದೀಪ, ಕೊಳ್ಳಿ. ರಾತ್ರಿ ಕೊಟ್ಟಿಗೆಗೆ ಹೋಗುವಾಗ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಕೆಟ್ ಇರುತ್ತದೆ. ಟಾರ್ಚು ಹಿಡಿಯೋಕೆ ಕೈಯೇ ಉಳಿದಿರುವುದಿಲ್ಲ. ನನ್ನ ಹತ್ತಿರ ಇರುವುದು ಪೆಟ್ಜೆಲ್ ಕಂಪನಿಯ ಟಿಕ್ಕಾ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಬ್ಯಾಟರಿ ವ್ಯವಸ್ಥೆ. ಮೂರು ಎಎಎ ಸೆಲ್ ಹಾಕಬಹುದು, ಇಲ್ಲ ಅದೇ ಜಾಗಕ್ಕೆ ಕಂಪನಿಯದೇ 1,250 ಎಂಎಎಚ್ ಬ್ಯಾಟರಿ ಕೂರಿಸಿ ಯುಎಸ್‌ಬಿಯಿಂದ ಚಾರ್ಜ್ ಮಾಡಬಹುದು. ಕರೆಂಟು ಇರುವ ದಿನಗಳಲ್ಲಿ ಚಾರ್ಜ್ ಬ್ಯಾಟರಿ, ಕರೆಂಟು ಹೋಗಿ ಎರಡನೇ ದಿನ ಆಯಿತು ಅಂದರೆ ಪೇಟೆಯ ಅಂಗಡಿಯಲ್ಲಿ ಸಿಗುವ ಸೆಲ್ಲು. ಯುಎಸ್‌ಬಿಯಿಂದ ಮಾತ್ರ ಚಾರ್ಜ್ ಆಗುವ, ಬ್ಯಾಟರಿ ಬಿಚ್ಚೋಕೆ ಬಾರದ ಲ್ಯಾಂಪುಗಳು ಅಗ್ಗಕ್ಕೆ ಸಿಗುತ್ತವೆ, ಬೆಳಕೂ ಜೋರಾಗಿರುತ್ತದೆ. ಆದರೆ ಒಳಗಿನ ಬ್ಯಾಟರಿ ಸೋತ ದಿನ ಇಡೀ ಲ್ಯಾಂಪನ್ನೇ ಎಸೆಯಬೇಕು. ಅಂಥದ್ದು ಬೇಡ.

ಲುಮೆನ್ ಅಂದರೆ ಬೆಳಕಿನ ಅಳತೆ, ಅದರ ಲೆಕ್ಕಕ್ಕೆ ಮರುಳಾಗಬೇಡಿ. ತೋಟದ ದಾರಿಗೆ, ಅಂಗಳಕ್ಕೆ ನೂರು ಲುಮೆನ್ ಧಾರಾಳ. ಮಂಜು ಕವಿದಾಗಲಂತೂ ಜಾಸ್ತಿ ಬೆಳಕೇ ತೊಂದರೆ. ಲ್ಯಾಂಪು ಹಣೆಯ ಮೇಲಿದ್ದರೆ ಬೆಳಕು ಕಣ್ಣೆದುರಿನ ಮಂಜಿನ ಹನಿಗಳಿಗೆ ಬಡಿದು ವಾಪಸು ಕಣ್ಣಿಗೇ ಬರುತ್ತದೆ, ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ ಆಗಿ ಕಾಲ ಬುಡದ ಕಲ್ಲೂ ಕಾಣುವುದಿಲ್ಲ. ಆಗ ಅದನ್ನು ಹಣೆಯಿಂದ ತೆಗೆದು ಸೊಂಟದ ಮಟ್ಟದಲ್ಲಿ ಹಿಡಿದುಕೊಳ್ಳಿ, ಬೆಳಕನ್ನು ಕಡಿಮೆಗೆ ಇಳಿಸಿ. ಬೆಳಕು ಓರೆಯಾಗಿ ನೆಲಕ್ಕೆ ಬಿದ್ದಾಗ ಪ್ರತಿ ಕಲ್ಲು, ಪ್ರತಿ ಬೇರಿಗೂ ಒಂದು ನೆರಳು ಮೂಡುತ್ತದೆ. ತರಗೆಲೆಯದೇ ಬಣ್ಣದ ಗುಳಿಮಂಡಲ ಹಾವು ಸುಮ್ನೆ ಸುತ್ತಿಕೊಂಡು ಕೂತಿದ್ದರೂ ಆ ನೆರಳಿನಿಂದ ಗೊತ್ತಾಗುತ್ತದೆ. ಕುದುರೆಮುಖದ ಕಡೆ ಚಾರಣಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಇಳಿಯುವಾಗ ಹೊತ್ತು ಮುಳುಗಿ ಮಂಜೂ ಬಂದರೆ ಇದೇ ಉಪಾಯ. ಇನ್ನು ನೀರಿನ ವಿಷಯ. ಡಬ್ಬಿಯ ಮೇಲೆ ಐಪಿಎಕ್ಸ್4 ಅಂತಿದ್ದರೆ ಎಲ್ಲ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ, ಹೊಳೆಗೆ ಬಿದ್ದರೆ ಗ್ಯಾರಂಟಿ ಇಲ್ಲ. ಐಪಿಎಕ್ಸ್7 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯಬೇಕು. ನಮ್ಮ ಮಳೆಗೆ ಮೊದಲನೆಯದೇ ಸಾಕಾಗಿದೆ.

ಸೆಲ್ಲುಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಾನು ನೋಡಿದ ಹಾಳಾದ ಟಾರ್ಚುಗಳಲ್ಲಿ ಹೆಚ್ಚಿನವು ಸತ್ತದ್ದು ಸೆಲ್ಲಿನಿಂದಲೇ. ಆಲ್ಕಲೈನ್ ಸೆಲ್ ಹಾಕಿ ಆರೆಂಟು ತಿಂಗಳು ಮರೆತರೆ ಒಳಗಿನ ಕ್ಷಾರ ಸೋರುತ್ತದೆ, ಸ್ಪ್ರಿಂಗ್ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಹತ್ತಿಯನ್ನು ವಿನೆಗರ್‌ನಲ್ಲಿ ಅದ್ದಿ ಒರೆಸಿದರೆ ಕೆಲವು ಸಲ ಬದುಕುತ್ತದೆ, ಕೆಲವು ಸಲ ತಂತಿಯೇ ತಿಂದುಹೋಗಿರುತ್ತದೆ. ನಾನೀಗ ಮನೆಯ ಎಲ್ಲ ಟಾರ್ಚುಗಳಿಗೂ ಎನಿಲೂಪ್ ಥರದ, ಚಾರ್ಜ್ ಬೇಗ ಇಳಿಯದ, ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕೆಲ್ ಸೆಲ್ಲುಗಳನ್ನೇ ಹಾಕುತ್ತೇನೆ. ವೋಲ್ಟೇಜ್ 1.5ರ ಬದಲು 1.2 ಇರುತ್ತದೆ, ಟಾರ್ಚಿಗೆ ಅದೇನೂ ದೊಡ್ಡ ವ್ಯತ್ಯಾಸ ಅಲ್ಲ. ಮಳೆಗಾಲ ಪೂರ್ತಿ ಡ್ರಾಯರಿನಲ್ಲಿ ಇಟ್ಟು ತೆಗೆದರೂ ಬೆಳಕು ಬಂದಿದೆ, ಒಂದೂ ಸೋರಿಲ್ಲ. ರಿಮೋಟು, ಗೋಡೆ ಗಡಿಯಾರ, ಟಾರ್ಚು ಎಲ್ಲಕ್ಕೂ ಇವನ್ನೇ ಸುತ್ತಿಸುತ್ತಾ ಇರುತ್ತೇವೆ. ಹಾಗಾಗಿ ಯಾವುದೂ ಮೂಲೆಯಲ್ಲಿ ಕೂತು ಕೊಳೆಯುವುದಿಲ್ಲ.

ಪವರ್ ಬ್ಯಾಂಕ್ ಇಲ್ಲದ ಮನೆ ಈಗ ಇಲ್ಲ. ಆದರೆ ಅದರ ಮೇಲೆ ಬರೆದ ಸಂಖ್ಯೆಯನ್ನು ಹೇಗೆ ಓದಬೇಕು ಅಂತ ಗೊತ್ತಿರಲಿ. 10,000 ಎಂಎಎಚ್ ಅಂದರೆ ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ ಒಳಗೆ ತುಂಬುವ ಒಟ್ಟು ಶಕ್ತಿ 37 ವ್ಯಾಟ್ ಅವರ್. ಹೊರಗೆ 5 ವೋಲ್ಟ್‌ಗೆ ಏರಿಸುವಾಗ ಅದು 7,400 ಎಂಎಎಚ್ ಆಗುತ್ತದೆ, ಬಿಸಿಯಾಗಿ ಹೋಗುವುದನ್ನೂ ಕಳೆದರೆ ಸುಮಾರು 6,000 ಚಿಲ್ಲರೆ ಉಳಿಯುತ್ತದೆ. ಫೋನಿನ ಮೇಲೆ ಬರೆದ ಎಂಎಎಚ್ ಕೂಡ 5 ವೋಲ್ಟಿನದಲ್ಲ, ಒಳಗಿನ ಸೆಲ್ಲಿನದೇ ಲೆಕ್ಕ, ಹಾಗಾಗಿ 5,000 ಎಂಎಎಚ್ ಫೋನ್ ಒಂದೂವರೆ ಸಲ ಚಾರ್ಜ್ ಆದರೆ ಅದು ಒಳ್ಳೆಯ ಪವರ್ ಬ್ಯಾಂಕೇ. ವಿಮಾನದಲ್ಲಿ ಒಯ್ಯುವವರು 100 ವ್ಯಾಟ್ ಅವರ್ ಒಳಗಿನದನ್ನೇ ತಗೊಳ್ಳಿ, ಅದನ್ನು ಕೈಚೀಲದಲ್ಲೇ ಇಡಿ, ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. ನಮ್ಮಲ್ಲಿದ್ದ ಒಂದು ಅಗ್ಗದ ಪವರ್ ಬ್ಯಾಂಕ್ ಎರಡನೇ ವರ್ಷಕ್ಕೇ ಹೊಟ್ಟೆ ಉಬ್ಬಿಸಿಕೊಂಡಿತು. ಹಾಗೆ ಉಬ್ಬಿದ್ದನ್ನು ಒಂದು ಸಲವೂ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ಸಾಮಾನು ಅದು. ಇನ್ನೊಂದು ವಿಷಯ: ಫುಲ್ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಡುವುದೂ ಒಳ್ಳೆಯದಲ್ಲ, ಪೂರ್ತಿ ಖಾಲಿ ಇಡುವುದೂ ಒಳ್ಳೆಯದಲ್ಲ. ಬಳಸುವುದಿಲ್ಲ ಅಂತಾದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಟು ಆಗಾಗ ನೋಡುತ್ತಿರಬೇಕು.

ಬೆಂಕಿಯ ವಿಷಯಕ್ಕೆ ಬರೋಣ. ಫೆರೋ ರಾಡ್ ಅಂತ ಸಿಗುತ್ತದಲ್ಲ, ಕಡ್ಡಿಯಂಥ ಲೋಹ, ಉಕ್ಕಿನ ಅಂಚಿನಿಂದ ಗೀರಿದರೆ ಕಿಡಿ ಸುರಿಯುತ್ತದೆ. ಆ ಮಿಶ್ರಲೋಹವನ್ನು 1903ರಲ್ಲಿ ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ ಎಂಬ ವಿಜ್ಞಾನಿ ಕಂಡುಹಿಡಿದದ್ದು. ಕಿಡಿಯ ಬಿಸಿ 3,000 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನೀರಲ್ಲಿ ಅದ್ದಿ ತೆಗೆದು ಒರೆಸಿದರೂ ಕಿಡಿ ಬರುತ್ತದೆ. ಬೆಂಕಿಪೊಟ್ಟಣ ಜುಲೈ ತಿಂಗಳಲ್ಲಿ ಮೆತ್ತಗಾಗಿ ಮದ್ದು ಉದುರುವ ನಮ್ಮಂಥ ಕಡೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನಾನು ಇದನ್ನು ಬಳಸುವುದು ಬಚ್ಚಲ ಒಲೆಗೆ. ದೇವರ ದೀಪದ ಹತ್ತಿಬತ್ತಿಯನ್ನು ಬಿಡಿಸಿ, ಹಿಂಜಿ, ಹೂವಿನ ಹಾಗೆ ಸಡಿಲ ಮಾಡಬೇಕು. ಮೇಲೆ ಒಂದು ಬಿಲ್ಲೆ ಕರ್ಪೂರ ಪುಡಿ ಮಾಡಿ ಉದುರಿಸಬೇಕು. ರಾಡಿನ ತುದಿಯನ್ನು ಹತ್ತಿಯ ನಡುವೆ ಊರಿ, ಗೀರುವ ಪಟ್ಟಿಯನ್ನು ಅಲುಗಾಡಿಸದೆ ಹಿಡಿದು, ರಾಡನ್ನೇ ಹಿಂದಕ್ಕೆ ಎಳೆದರೆ ಹತ್ತಿ ಚದುರುವುದಿಲ್ಲ, ಕಿಡಿ ನೇರ ಅದರ ಮೇಲೇ ಬೀಳುತ್ತದೆ. ಹತ್ತಿ ಕ್ಷಣದಲ್ಲಿ ಉರಿದು ಹೋಗುತ್ತದೆ, ಕರ್ಪೂರ ಅದನ್ನು ಹಿಡಿದು ಒಣ ಸೋಗೆ, ಅಡಿಕೆ ಸಿಪ್ಪೆಗೆ ದಾಟಿಸುವಷ್ಟು ಹೊತ್ತು ಉರಿಯುತ್ತದೆ. ರಾಡಿಗೂ ತೇವ ಆಗಿಬರುವುದಿಲ್ಲ, ಹಾಗೇ ಬಿಟ್ಟರೆ ಬೂದು ಪುಡಿ ಕಟ್ಟುತ್ತದೆ. ತೆಳುವಾಗಿ ಉಗುರು ಬಣ್ಣ ಬಳಿದಿಟ್ಟರೆ ಸಾಕು, ಮುಂದಿನ ಸಲ ಗೀರಿದಾಗ ಅದು ತಾನೇ ಕೆರೆದು ಹೋಗುತ್ತದೆ. ಆದರೆ ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿ ಹಾಕುವಂತಿಲ್ಲ. ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಬಿದ್ದ ಒಂದು ಕಿಡಿ ಗುಡ್ಡವನ್ನೇ ಸುಡುತ್ತದೆ. ಚಾರಣಕ್ಕೆ ಹೋಗುವವರು ದಯವಿಟ್ಟು ಇದನ್ನು ಆಟಕ್ಕೆ ಗೀರಬೇಡಿ.

ನೀರಿನ ಫಿಲ್ಟರ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ನಾನು ಬಳಸಿದ್ದು ಸಾಯರ್ ಮಿನಿ. ಅಂಗೈಯಷ್ಟುದ್ದದ ಕೊಳವೆ, ಒಳಗೆ ಟೊಳ್ಳು ಎಳೆಗಳ ಕಟ್ಟು, ತೂತು 0.1 ಮೈಕ್ರಾನ್. ಬಾಟಲಿಗೆ ತಿರುಗಿಸಿ ಹಿಂಡಿ ಕುಡಿಯಬಹುದು. ವಾಂತಿಭೇದಿ ತರುವ ಬ್ಯಾಕ್ಟೀರಿಯಾ, ಅಮೀಬಾದಂಥವನ್ನು ಇದು ತಡೆಯುತ್ತದೆ. ವೈರಸ್ ತಡೆಯುವುದಿಲ್ಲ, ಅಂದರೆ ಕಾಮಾಲೆ ತರುವ ಹೆಪಟೈಟಿಸ್ ಎ ನಿಲ್ಲುವುದಿಲ್ಲ. ನೀರಿನಲ್ಲಿ ಕರಗಿದ ರಾಸಾಯನಿಕವನ್ನೂ ತಡೆಯುವುದಿಲ್ಲ. ನಮ್ಮ ಕಡೆಯವರು, ನಮ್ಮ ಕಡೆಗೆ ಬರುವವರು ಮುಖ್ಯವಾಗಿ ಗಮನಿಸಬೇಕಾದ್ದು ಇದನ್ನೇ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ್ದು. ಮಳೆ ಬಂದರೆ ಅದು ತೊಳೆದು ಹಳ್ಳಕ್ಕೆ ಇಳಿಯುತ್ತದೆ. ತೋಟದ ಕೆಳಗಿನ ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ, ಫಿಲ್ಟರ್ ಎಷ್ಟೇ ದುಬಾರಿಯದಾದರೂ, ಅದನ್ನು ಕುಡಿಯಬೇಡಿ. ತೋಟಕ್ಕಿಂತ ಮೇಲೆ, ಕಾಡಿನಿಂದ ಇಳಿಯುವ ಕಡೆ ತುಂಬಿಕೊಳ್ಳಿ. ಕೆಂಪು ನೀರಾದರೆ ಮೊದಲು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಹೊತ್ತು ಇಟ್ಟು ಕೆಸರು ತಳಕ್ಕೆ ಇಳಿದ ಮೇಲೆ ಫಿಲ್ಟರಿಗೆ ಹಾಕಿ. ಇಲ್ಲದಿದ್ದರೆ ಬೇಗ ಕಟ್ಟಿಕೊಳ್ಳುತ್ತದೆ. ಜೊತೆಗೆ ಬರುವ ಸಿರಿಂಜಿನಿಂದ ಹಿಮ್ಮುಖವಾಗಿ ಒಳ್ಳೆಯ ನೀರು ತಳ್ಳಿದರೆ ಮತ್ತೆ ಸರಿಯಾಗುತ್ತದೆ. ಹಿಮಾಲಯಕ್ಕೆ ಒಯ್ಯುವವರು ರಾತ್ರಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ, ಒಳಗಿನ ನೀರು ಹೆಪ್ಪುಗಟ್ಟಿದರೆ ಎಳೆಗಳು ಒಡೆಯುತ್ತವೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಮನೆಯಲ್ಲಿ ಮಾತ್ರ ಇವತ್ತಿಗೂ ಕುದಿಸಿದ ನೀರೇ. ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ ಕುದಿಸಿದರೆ ವೈರಸ್ಸೂ ಉಳಿಯುವುದಿಲ್ಲ.

ಸೀಟಿ ಬಗ್ಗೆ ಯಾರೂ ಬರೆಯುವುದಿಲ್ಲ. ನನಗೆ ಹೆಡ್‌ಲ್ಯಾಂಪ್ ಬಿಟ್ಟರೆ ಇದೇ ಮುಖ್ಯ. ಫಾಕ್ಸ್ 40 ಅಂತ, 1987ರಲ್ಲಿ ಕೆನಡಾದ ಬಾಸ್ಕೆಟ್‌ಬಾಲ್ ರೆಫರಿಯೊಬ್ಬರು ಮಾರುಕಟ್ಟೆಗೆ ತಂದದ್ದು. ಒಳಗೆ ಗುಂಡು ಇಲ್ಲ, ಹಾಗಾಗಿ ನೆನೆದರೂ ಸಿಕ್ಕಿಹಾಕಿಕೊಳ್ಳುವುದಿಲ್ಲ, ಕೆಡುವ ಭಾಗವೇ ಇಲ್ಲ. ಸದ್ದು ಸುಮಾರು 115 ಡೆಸಿಬಲ್. ನಮ್ಮಲ್ಲಿ ಮೊದಲಿಂದಲೂ ಗುಡ್ಡದ ಈಚೆಯಿಂದ ಆಚೆಗೆ ಕೂ ಹಾಕಿ ಕರೆಯುವ ರೂಢಿ ಇದೆ. ಆದರೆ ಹಂಚಿನ ಮೇಲೆ ಮಳೆ ಸುರಿಯುವಾಗ ಕೂಗಳತೆಯ ದೂರವೂ ಕೇಳುವುದಿಲ್ಲ, ನಾಲ್ಕು ಸಲ ಕೂಗಿದರೆ ಗಂಟಲೂ ಕಟ್ಟುತ್ತದೆ. ಸೀಟಿಯ ಸದ್ದು ಮಳೆಯನ್ನು ಸೀಳಿಕೊಂಡು ಹೋಗುತ್ತದೆ. ನಮ್ಮಪ್ಪನಿಗೆ ಎಪ್ಪತ್ತು ದಾಟಿದೆ, ಈಗಲೂ ಒಬ್ಬರೇ ತೋಟಕ್ಕೆ ಹೋಗುತ್ತಾರೆ, ಕೊರಳಿಗೆ ದಾರದಲ್ಲಿ ಸೀಟಿ ಕಟ್ಟಿಕೊಂಡೇ ಹೋಗುತ್ತಾರೆ. ಒಂದು ಸಲ ಊದಿದರೆ ‘ಇಲ್ಲಿದ್ದೇನೆ’, ಮೂರು ಸಲ ಊದಿದರೆ ‘ಓಡಿ ಬಾ’. ಚಾರಣಿಗರಲ್ಲೂ ಮೂರು ಸೀಟಿ ಅಂದರೆ ಸಹಾಯ ಬೇಕು ಅಂತಲೇ. ಮನೆಯ ಮಕ್ಕಳಿಗೂ ಕಲಿಸಿದ್ದೇವೆ.

ಹಲವು ಉಪಕರಣ ಮಡಚಿಟ್ಟ ಸ್ವಿಸ್ ಚಾಕು ನನ್ನ ಕೀಲಿಗೊಂಚಲಿನ ಪಕ್ಕದಲ್ಲೇ ಇರುತ್ತದೆ. ಬೇಲಿಗೆ, ಬಳ್ಳಿಗೆ ಸೊಂಟದ ಕತ್ತಿ ಇದ್ದೇ ಇದೆ. ಚಾಕು ಬೇಕಾಗುವುದು ವೈರಿನ ಸಿಪ್ಪೆ ಸುಲಿಯೋಕೆ, ಸ್ಕ್ರೂ ಬಿಗಿ ಮಾಡೋಕೆ, ಮುಳ್ಳು ತೆಗೆಯೋಕೆ. ಚಾಕು ಮಡಚುವ ಕೀಲಿಗೆ ತೆಂಗಿನೆಣ್ಣೆ ಹಾಕಿದರೆ ಕಾಲಕ್ರಮೇಣ ಅಂಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಅದರ ಜೊತೆ ಚೂಪು ತುದಿಯ ಒಂದು ಚಿಮುಟ ಬೇರೆಯೇ ಇಟ್ಟುಕೊಳ್ಳಿ, ಉಣುಗು ಕೀಳೋಕೆ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಬೇಕು, ಹಿಸುಕಬಾರದು, ಬೆಂಕಿ ತಾಗಿಸಬಾರದು.

ತಮ್ಮ ತರಿಸಿದ್ದ ಒಂದು ‘ಎಲ್ಲಾ ಒಂದರಲ್ಲೇ’ ಕಿಟ್ ಕೂಡ ಮನೆಯಲ್ಲಿದೆ. ವೈರಿನ ಗರಗಸ ಹಸಿ ಕೊಂಬೆಯಲ್ಲಿ ತುಂಡಾಯಿತು, ಗುಂಡಿಯಷ್ಟು ದಿಕ್ಸೂಚಿ ತೇವಕ್ಕೆ ನಿಂತುಹೋಯಿತು. ಉಳಿದಿರುವುದು ಡಬ್ಬಿ ಮಾತ್ರ, ಅದು ಗಟ್ಟಿಯಾಗಿದೆ. ಮೈ ಬಿಸಿ ಹಿಡಿದಿಡುವ ಬೆಳ್ಳಿ ಬಣ್ಣದ ತೆಳು ಕಂಬಳಿ ಅಗ್ಗ, ಹಗುರ, ಬ್ಯಾಗಿನಲ್ಲಿ ಒಂದಿರಲಿ. ಒಮ್ಮೆ ಬಿಚ್ಚಿದರೆ ಮತ್ತೆ ಮಡಚಿ ಇಡೋಕೆ ಆಗುವಂಥದ್ದಲ್ಲ.

ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿ ಚಾರಣಕ್ಕೆ ಬಳಸುವ ಉಪಗ್ರಹ ಸಂದೇಶ ಸಾಧನ, ಗಾರ್ಮಿನ್ ಇನ್‌ರೀಚ್ ಥರದ್ದು, ಊರಿಗೆ ತರಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಯೊಬ್ಬರನ್ನು ಇದೇ ಕಾರಣಕ್ಕೆ ತಡೆದಿದ್ದರು. ಇಲ್ಲಿ ನಮಗಿರುವುದು ತುರ್ತು ಕರೆಯ ಸಂಖ್ಯೆ 112. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗುತ್ತದೆ, ಹಾಗಾಗಿ ಪ್ರಯತ್ನ ಬಿಡಬೇಡಿ. ಮನೆಯವರಿಗೆ ಕರೆ ಹೋಗದಷ್ಟು ಸಿಗ್ನಲ್ ಕ್ಷೀಣವಾಗಿದ್ದರೆ ಎಸ್‌ಎಂಎಸ್ ಹಾಕಿ, ಅದು ಎಷ್ಟೋ ಸಲ ದಾಟುತ್ತದೆ.

ಕೊನೆಗೆ, ಇಂಟರ್‌ನೆಟ್ ರೌಟರಿಗೆ ಹಾಕುವ ಮಿನಿ ಯುಪಿಎಸ್, ಅಂದರೆ ಕರೆಂಟು ಹೋದರೂ ರೌಟರನ್ನು ನಡೆಸುವ ಪುಟ್ಟ ಬ್ಯಾಟರಿ. ಕರೆಂಟು ಹೋಗಿ ಹೊತ್ತಾದರೆ ನಮ್ಮ ಕಡೆ ಮೊಬೈಲ್ ಟವರೂ ಸುಮ್ಮನಾಗುತ್ತದೆ. ಆದರೆ ಫೈಬರ್ ಲೈನಿಗೆ ನಡುದಾರಿಯಲ್ಲಿ ವಿದ್ಯುತ್ ಬೇಕಿಲ್ಲ, ಎರಡು ತುದಿಯಲ್ಲಿ ಇದ್ದರೆ ಸಾಕು. ಈ ತುದಿಯಲ್ಲಿ ಮಿನಿ ಯುಪಿಎಸ್ ಇದ್ದರೆ ವೈಫೈ ಕಾಲಿಂಗ್‌ನಲ್ಲಿ ಡಾಕ್ಟರಿಗೂ, ಬೆಂಗಳೂರಿನ ಅಕ್ಕನಿಗೂ ಫೋನ್ ಹೋಗುತ್ತದೆ. ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಈಗಲೇ ಆನ್ ಮಾಡಿಡಿ. ನಮ್ಮದು ಹೊಸತರಲ್ಲಿ ನಾಲ್ಕು ಗಂಟೆ ಎಳೆಯುತ್ತಿತ್ತು, ಈಗ ಎರಡಕ್ಕೆ ಇಳಿದಿದೆ. ಮುಂದಿನ ಮಳೆಗಾಲಕ್ಕೆ ಮೊದಲು ಹೊಸದು ತರಬೇಕು. ಕೊಳ್ಳುವಾಗ ನಿಮ್ಮ ರೌಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ ನೋಡಿಕೊಂಡು ಹೋಗಿ, ಪಿನ್ನಿನ ಅಳತೆಯೂ ಸರಿಯಿರಬೇಕು.