ಆ ವಿಡಿಯೋದಲ್ಲಿ ಇರೋದು ನಾನೇ, ಆದ್ರೂ ಆ ಪುಡಿ ತಗೋಬೇಡಿ

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಧಾರವಾಡದಲ್ಲಿ ಓದುತ್ತಿರುವ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ನೀಲಿ ಬನಿಯನ್ ಹಾಕಿದ ತೆಳ್ಳಗಿನ ಹುಡುಗನೊಬ್ಬ ಜಿಮ್ಮಲ್ಲಿ ಮಾರುವ ಅಶ್ವಗಂಧ ಪುಡಿಯ ಕಪ್ಪು ಡಬ್ಬಿ ಹಿಡಿದು, "ಮೂರೇ ವಾರದಲ್ಲಿ ಬೆಂಚ್ 30ರಿಂದ 45ಕ್ಕೆ ಹೋಯ್ತು, ಓದಿದ್ದು ತಲೇಲಿ ನಿಲ್ತಾ ಇದೆ" ಅಂತ ಹಲ್ಲು ಬಿಡುತ್ತಾನೆ. (ಬೆಂಚ್ ಅಂದ್ರೆ ಬೆಂಚಿನ ಮೇಲೆ ಮಲಗಿ ಎತ್ತುವ ಭಾರ, ಕೆಜಿ ಲೆಕ್ಕದಲ್ಲಿ.) ಆ ಹುಡುಗ ನಾನೇ. ಅದಾಗಿ ಒಂದು ತಿಂಗಳಿಗೆ ನಾನು ಆಸ್ಪತ್ರೆಯಲ್ಲಿದ್ದೆ, ಕಣ್ಣು ಅರಿಶಿನದ ಹಾಗೆ ಆಗಿತ್ತು. ಅದರ ವಿಡಿಯೋ ಯಾರೂ ಮಾಡಲಿಲ್ಲ.

ಹೋದ ವಾರ ನಮ್ಮ ಪಕ್ಕದ ರೂಮಿನ ಹುಡುಗ ಮೆಸೇಜ್ ಮಾಡಿದ. "ಅಣ್ಣಾ, ನಿನ್ನ ವಿಡಿಯೋ ನೋಡೇ ತಗೊಂಡೀನಿ. ಹಾಲಾಗ ಹಾಕ್ಕೋಬೇಕೋ, ನೀರಾಗೋ?" ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಚಿಕೆ ಆಗುತ್ತಿದೆ, ಆಗಲಿ.

ನಮ್ಮೂರು ಸಿರ್ಸಿ ಹತ್ತಿರ. ಪಿಎಸ್ಐ ಪರೀಕ್ಷೆಗೆ ಓದಲಿಕ್ಕೆ ಬಂದು ಸಪ್ತಾಪುರದಲ್ಲಿ ರೂಮು ಮಾಡಿದ್ದೇನೆ. ಸಪ್ತಾಪುರ ಗೊತ್ತಲ್ಲ, ಎತ್ತ ನೋಡಿದರೂ ಕೋಚಿಂಗ್ ಬೋರ್ಡು, ಮೆಸ್ಸು, ಝೆರಾಕ್ಸ್ ಅಂಗಡಿ. ಈ ಪರೀಕ್ಷೆಗೆ ಮೈಯೂ ಬೇಕು, ತಲೆಯೂ ಬೇಕು. 1600 ಮೀಟರ್ 7 ನಿಮಿಷದೊಳಗೆ ಓಡಬೇಕು, ಗುಂಡು ಎಸೆಯಬೇಕು, ಆಮೇಲೆ ಕೂತು ಪ್ರಬಂಧ, ಭಾಷಾಂತರ, ಜಿಕೆ ಬರೆಯಬೇಕು. ನನ್ನ ಓಟ 7 ನಿಮಿಷ 20 ಸೆಕೆಂಡು. ತೂಕ 56 ಕೆಜಿ. ಗುಂಡು ಎತ್ತಿದರೆ ಮೊಣಕೈ ನಡುಗುತ್ತಿತ್ತು. ಹಾಗಾಗಿ ಜಿಮ್ ಸೇರಿದೆ.

ಜಿಮ್ ವ್ಯವಹಾರ ನಿಮಗೂ ಗೊತ್ತಿದ್ದದ್ದೇ. ಮೊದಲ ವಾರ ಡಂಬೆಲ್, ಎರಡನೇ ವಾರ ಡಬ್ಬಿ. ನಾನು ಹುಷಾರಾಗಿದ್ದೇನೆ ಅಂದುಕೊಂಡಿದ್ದೆ. ಪ್ರೋಟೀನ್ ಬೇಡ ಅಂದೆ, ಇಂಜೆಕ್ಷನ್ ಅಂತೂ ಬೇಡವೇ ಬೇಡ ಅಂದೆ. ಟ್ರೇನರ್ ಬೇಜಾರು ಮಾಡಿಕೊಳ್ಳಲಿಲ್ಲ. ಹೆಗಲ ಮೇಲೆ ಕೈ ಹಾಕಿ, "ನೀ ಶ್ಯಾಣ್ಯಾ ಇದ್ದಿ ತಮ್ಮಾ. ಹಂಗಾರ ನಿನಗ ಇದ ಬೇಕು. ಇದು ಔಷಧ ಅಲ್ಲ, ಗಿಡಮೂಲಿಕಿ. ನಮ್ಮ ಹಿರ್ಯಾರು ತಿಂದದ್ದು. ಸೈಡ್ ಎಫೆಕ್ಟ್ ಅನ್ನೋದ ಇಲ್ಲ" ಅಂದ. ಶ್ಯಾಣ್ಯಾ, ಅಂದ್ರೆ ಜಾಣ, ಅಂದನಲ್ಲ, ಅಲ್ಲಿಗೇ ನಾನು ಬಿದ್ದೆ.

ಕಪ್ಪು ಡಬ್ಬಿಯಲ್ಲಿ ಅಶ್ವಗಂಧ, ಶಿಲಾಜಿತು. ಅದು ತಾಕತ್ತಿಗೆ. ಹಸಿರು ಬಾಟಲಿಯಲ್ಲಿ ಬ್ರಾಹ್ಮಿ ಕ್ಯಾಪ್ಸೂಲು. ಅದು ತಲೆಗೆ. ಎರಡೂ ಸೇರಿ 4,800. "ಪಿಎಸ್ಐ ಹುಡುಗರಿಗೆ 4,200." ದುಡ್ಡು ಯುಪಿಐಯಲ್ಲಿ ಹಾಕಿದೆ. ಬಂದ ಹೆಸರು ಅವನದ್ದಲ್ಲ. ಕೇಳಿದ್ದಕ್ಕೆ "ನಮ್ಮ ಭಾವಂದು" ಅಂದ. ಬಿಲ್ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಎರಡು ತಿಂಗಳ ಮೆಸ್ ದುಡ್ಡು ಅದು.

ನಂಬಿಸಲಿಕ್ಕೆ ಮೊಬೈಲಲ್ಲಿ ಒಂದು ಇಂಗ್ಲಿಷ್ ಪೇಪರ್ ತೋರಿಸಿದ್ದ. 2015ರದ್ದು. 57 ಗಂಡಸರ ಮೇಲೆ 8 ವಾರ ನಡೆದ ಪ್ರಯೋಗ. ಅಶ್ವಗಂಧ ತಗೊಂಡವರ ಬೆಂಚ್ ಪ್ರೆಸ್ ಸರಾಸರಿ 46 ಕೆಜಿ ಏರಿತ್ತು. "ನೋಡು, 46 ಕೆಜಿ! ಸೈನ್ಸ್ ಐತಿ." ಸುಳ್ಳಲ್ಲ, ಪೇಪರಲ್ಲಿ ಹಾಗೇ ಇದೆ. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇತ್ತು. ಅವನು ತೋರಿಸಲಿಲ್ಲ, ನಾನೂ ನೋಡಲಿಲ್ಲ.

ಮನೆಗೆ ಫೋನ್ ಮಾಡಿದಾಗ ಆಯಿಗೆ, ಅಂದ್ರೆ ಅಮ್ಮನಿಗೆ, ಬ್ರಾಹ್ಮಿ ತಗೊಳ್ತಾ ಇದ್ದೇನೆ ಅಂದೆ. ನಮ್ಮ ಕಡೆ ಬ್ರಾಹ್ಮಿ ಅಂದ್ರೆ ಒಂದೆಲಗ. ಬಾವಿಕಟ್ಟೆ ಪಕ್ಕ ತಾನಾಗೇ ಹಬ್ಬಿಕೊಂಡಿರುತ್ತೆ, ತಂಬುಳಿ ಮಾಡುತ್ತಾರೆ. "ಅದಕ್ಕೂ ದುಡ್ಡು ಕೊಡ್ತಾರನೋ?" ಅಂತ ಆಯಿ ನಕ್ಕಳು. ನನಗೆ ಸಿಟ್ಟು ಬಂತು. ಮರುದಿನ ಟ್ರೇನರ್ ಹತ್ತಿರ, ಸರ್, ಇದು ಒಂದೆಲಗನಾ, ನೀರುಬ್ರಾಹ್ಮಿನಾ ಅಂತ ಕೇಳಿದೆ. "ಎಲ್ಲಾ ಒಂದೇ" ಅಂದ. ಒಂದೇ ಅಲ್ಲ. ಎರಡೂ ಬೇರೆ ಬೇರೆ ಗಿಡ, ಬೇರೆ ಬೇರೆ ಜಾತಿ. ಇನ್ನು ಶಿಲಾಜಿತು ಅಂತೂ ಗಿಡವೇ ಅಲ್ಲ, ಬಂಡೆ ಸಂದಿಯಿಂದ ಒಸರುವ ಅಂಟು. ಮಾರುವವನಿಗೇ ತಾನು ಏನು ಮಾರುತ್ತಿದ್ದೇನೆ ಅಂತ ಗೊತ್ತಿಲ್ಲ. ಅವತ್ತೇ ಡಬ್ಬಿ ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ಯಾಕಂದ್ರೆ ಅಷ್ಟರಲ್ಲಿ 'ಪರಿಣಾಮ' ಶುರುವಾಗಿತ್ತು.

ಮೂರನೇ ದಿನಕ್ಕೇ ರಾತ್ರಿ 2 ಗಂಟೆವರೆಗೆ ಓದತೊಡಗಿದೆ. ನಿದ್ದೆಯೇ ಇಲ್ಲ. ಎದೆ ಢವಢವ. ಇದು ಬ್ರಾಹ್ಮಿ ಮಹಿಮೆ ಅಂದುಕೊಂಡೆ. ಈಗ ಗೊತ್ತಾಗಿದೆ. ನೀರುಬ್ರಾಹ್ಮಿ ಮೇಲೆ ನಡೆದ ಒಳ್ಳೆಯ ಪ್ರಯೋಗಗಳಲ್ಲಿ ದಿನಕ್ಕೆ 300 ಮಿಲಿಗ್ರಾಂ ಸಾರವನ್ನು 12 ವಾರ ಕೊಟ್ಟು ನೋಡಿದ್ದಾರೆ. ನೆನಪಿನಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿದ್ದು ಆ 12 ವಾರ ಮುಗಿದ ಮೇಲೆ. ಮೂರು ದಿನಕ್ಕೆ ಅಲ್ಲ. ಹಾಗಾದ್ರೆ ಮೂರನೇ ದಿನ ನನ್ನನ್ನು ಎಬ್ಬಿಸಿ ಕೂರಿಸಿದ್ದು ಏನು? ಕೆಫೀನ್ ಬೆರೆಸಿದ್ದಾರೆ ಅಂತ ನನ್ನ ಅನುಮಾನ. ಲ್ಯಾಬಿಗೆ ಕಳಿಸಿ ನೋಡಿಲ್ಲ, ಆ ದುಡ್ಡೂ ಇರಲಿಲ್ಲ. ಅನುಮಾನ ಅಷ್ಟೇ.

ಮೂರನೇ ವಾರ ಆ ವಿಡಿಯೋ. "ಒಂದು ಎರಡು ಮಾತು ಹೇಳು ತಮ್ಮಾ" ಅಂದ, ಹೇಳಿದೆ. ಬಲವಂತ ಮಾಡಲಿಲ್ಲ. ಖುಷಿಯಿಂದಲೇ ಹೇಳಿದೆ. ನಿಜಕ್ಕೂ ಬೆಂಚ್ 45ಕ್ಕೆ ಹೋಗಿತ್ತು.

ಐದನೇ ವಾರ ಹೊಟ್ಟೆ ಕೆಟ್ಟಿತು. ಆರನೇ ವಾರ ತುರಿಕೆ. ರಾತ್ರಿ ಅಂಗೈ, ಅಂಗಾಲು ಕೆರೆದು ಕೆರೆದು ಸಾಕಾಗುತ್ತಿತ್ತು. ಕಜ್ಜಿ ಇಲ್ಲ, ಗುಳ್ಳೆ ಇಲ್ಲ, ಬರೀ ತುರಿಕೆ. ಟ್ರೇನರ್‌ಗೆ ಮೆಸೇಜ್ ಹಾಕಿದೆ. ಉತ್ತರ ಹಾಗೇ ಹಾಕುತ್ತೇನೆ: "ಡಿಟಾಕ್ಸ್ ಅದು. ಒಳಗಿನ ವಿಷ ಹೊರಗ ಬರಾಕತ್ತೈತಿ. ನೀರ ಜಾಸ್ತಿ ಕುಡಿ. ನಿಲ್ಸಬ್ಯಾಡ." ನಿಲ್ಲಿಸಲಿಲ್ಲ. ಇನ್ನೂ ಒಂದು ವಾರ, ದಿನಾ ಎರಡು ಚಮಚ, ಬೆಳಿಗ್ಗೆ ಖಾಲಿ ಹೊಟ್ಟೆಗೆ, ಅವನು ಹೇಳಿದ ಹಾಗೇ ತಿಂದೆ. ಇದನ್ನು ನೆನೆಸಿಕೊಂಡರೆ ಅವನಿಗಿಂತ ಜಾಸ್ತಿ ನನ್ನ ಮೇಲೇ ಸಿಟ್ಟು ಬರುತ್ತೆ. ತುರಿಕೆ ಬಂದಾಗಲೇ ನಿಲ್ಲಿಸಬೇಕಿತ್ತು. ತುರಿಕೆ ಬಂದಾಗಲೇ.

ಕಣ್ಣು ಹಳದಿ ಆಗಿದ್ದನ್ನು ಮೊದಲು ನೋಡಿದ್ದು ಮೆಸ್ಸಿನ ಅಕ್ಕ. ತಟ್ಟೆಗೆ ರೊಟ್ಟಿ ಹಾಕುತ್ತಿದ್ದವರು ಹಾಗೇ ನಿಂತು, "ಯಪ್ಪಾ, ನಿನ್ನ ಕಣ್ಣ ಯಾಕ ಹಿಂಗಾಗ್ಯಾವ? ಇಲ್ಲೆ ಬೆಳಕಿಗೆ ಬಾ" ಅಂದರು. ರೂಮಿಗೆ ಹೋಗಿ ಕನ್ನಡಿ ನೋಡಿದೆ. ಬಿಳಿ ಗುಡ್ಡೆ ಮೇಲೆ ಅರಿಶಿನ ಸವರಿದ ಹಾಗಿತ್ತು. ಉಚ್ಚೆ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ನಾಲ್ಕು ದಿನ ಆಗಿತ್ತು. ಬಿಸಿಲಿಗೆ ಅಂತ ಸುಮ್ಮನಿದ್ದೆ.

ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್, ಅಂದ್ರೆ ಕಾಮಾಲೆ ಎಷ್ಟಿದೆ ಅಂತ ತೋರಿಸುವ ಅಂಕಿ, 8.4 ಬಂತು. 1.2ರ ಒಳಗೆ ಇರಬೇಕಾದದ್ದು. ಲಿವರ್‌ಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ 300 ದಾಟಿತ್ತು. ಡಾಕ್ಟರ್ ಕುಡಿತೀಯಾ ಅಂದರು, ಇಲ್ಲ ಅಂದೆ. ಹೆಪಟೈಟಿಸ್ ಟೆಸ್ಟ್ ಎಲ್ಲ ಮಾಡಿಸಿದರು, ಎಲ್ಲವೂ ನೆಗೆಟಿವ್. ಏನಾದರೂ ಔಷಧಿ ತಗೊಳ್ತಾ ಇದ್ದೀಯಾ ಅಂದರು. ಇಲ್ಲ ಸರ್ ಅಂದೆ. ಸುಳ್ಳು ಹೇಳಬೇಕು ಅಂತ ಅಲ್ಲ. ಔಷಧ ಅಲ್ಲ ಅಂತ ನನಗೆ ಹೇಳಿದ್ದರಲ್ಲ, ನನ್ನ ತಲೆಯಲ್ಲಿ ಅದು ಹಾಗೇ ಕೂತುಬಿಟ್ಟಿತ್ತು. ಮರುದಿನ ಮತ್ತೆ ಬಂದು ನನ್ನ ತೋಳು ನೋಡಿ, "ಜಿಮ್ಮಿಗೆ ಹೋಗ್ತೀಯೇನು? ಪುಡಿಗಿಡಿ ಏನಾದರೂ?" ಅಂದರು. ಆಗ ಬಾಯಿ ಬಿಟ್ಟೆ. ಒಂದು ದಿನ ಪೂರ್ತಿ ಹಾಳು ಮಾಡಿದ್ದೆ.

ಡಬ್ಬಿ ತರಿಸಿ ಅಂದರು. ರೂಮ್‌ಮೇಟ್ ತಂದ. ಬೈಕಲ್ಲಿ ಬರುವಾಗ ಮಳೆಗೆ ಸಿಕ್ಕಿ ಡಬ್ಬಿ ಒದ್ದೆಯಾಗಿತ್ತು. ಟವೆಲಿನಿಂದ ಒರೆಸಿದರೆ ಹೊಳೆಯುವ ಸ್ಟಿಕ್ಕರ್ ತುದಿ ಮೇಲೆ ಎದ್ದಿತು. ಉಗುರಿನಿಂದ ಎಳೆದೆ. ಅಡಿಯಲ್ಲಿ ಇನ್ನೊಂದು ಚೀಟಿ. ಮಾಸಿದ ಬಿಳಿ ಕಾಗದ. ಅಶ್ವಗಂಧ ಚೂರ್ಣ, 200 ಗ್ರಾಂ, ಎಂಆರ್‌ಪಿ 190 ರೂಪಾಯಿ. ಅವಧಿ ಮುಗಿದು ಎಂಟು ತಿಂಗಳಾಗಿತ್ತು.

ನೂರಾ ತೊಂಬತ್ತು ರೂಪಾಯಿ.

ನನಗೆ ಅಳು ಬಂತು ಅಂತ ಹೇಳಿದರೆ ನಗಬೇಡಿ. ಕಾಮಾಲೆಗೆ ಬರದ ಅಳು ಆ 190ಕ್ಕೆ ಬಂತು. ಮೇಲಿನ ಸ್ಟಿಕ್ಕರಿನಲ್ಲಿ ಏನೇನಿದೆ ಅಂತ ಆಗ ಮೊದಲ ಸಲ ಪೂರ್ತಿ ಓದಿದೆ. ಯಾವುದು ಎಷ್ಟು ಮಿಲಿಗ್ರಾಂ ಅಂತ ಇಲ್ಲ, 'ವಿಶೇಷ ಮಿಶ್ರಣ' ಅಷ್ಟೇ. ಬ್ಯಾಚ್ ನಂಬರ್ ಇಲ್ಲ. ತಯಾರಿಕಾ ಲೈಸೆನ್ಸ್ ನಂಬರ್ ಇಲ್ಲ. ಎಫ್‌ಎಸ್‌ಎಸ್‌ಎಐ ಅಂತ ಆಹಾರ ಲೈಸೆನ್ಸಿನ ಒಂದು ನಂಬರ್ ಇತ್ತು. ಆ ನಂಬರಿಗೆ 14 ಅಂಕಿ ಇರಬೇಕು. ಎರಡು ಸಲ ಎಣಿಸಿದೆ. 13 ಇತ್ತು. ಮುಚ್ಚಳ ತೆಗೆದ ದಿನ ಒಳಗೆ ಸೀಲ್ ಇರಲಿಲ್ಲ ಅನ್ನೋದೂ ಆಗಲೇ ನೆನಪಾಯಿತು. ಹಳೇ ಚೂರ್ಣದ ಜೊತೆ ಇನ್ನೇನು ಕಲಸಿದ್ದರೋ ದೇವರಿಗೇ ಗೊತ್ತು.

ಫೋಟೋ ತೆಗೆದು ಟ್ರೇನರ್‌ಗೆ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು. ಒಂದು ಗಂಟೆ ಉತ್ತರ ಇಲ್ಲ. ಆಮೇಲೆ ಶುರುವಾಯಿತು.

"ಕಾಮಣಿ ಎಲ್ಲಾರ್ಗೂ ಬರ್ತೈತಿ. ನಿಮ್ಮ ಮೆಸ್ಸಿನ ನೀರ ಸುಮಾರೈತಿ."

"ಖಾಲಿ ಹೊಟ್ಟಿಲೆ ತಗೊಂಡಿ ಕಾಣ್ತೈತಿ." ಖಾಲಿ ಹೊಟ್ಟೆಗೆ ತಗೋ ಅಂತ ನೀವೇ ಹೇಳಿದ್ದು ಸರ್ ಅಂದೆ. "ನಾ ಯಾವಾಗ ಹೇಳೀನಿ?" ಮೇಲೆ ಹೋಗಿ ಅವನ ಹಳೇ ಮೆಸೇಜ್ ಹುಡುಕಿದರೆ ಅಳಿಸಿಬಿಟ್ಟಿದ್ದ. ಡಿಟಾಕ್ಸ್ ಮೆಸೇಜ್ ಅಳಿಸಲು ಮರೆತಿದ್ದ. ಅದರ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ.

"ಐದನೂರು ಮಂದಿ ತಗೊಂಡಾರ. ಯಾರಿಗೂ ಏನೂ ಆಗಿಲ್ಲ. ನಿನಗಷ್ಟ ಯಾಕ?"

"ಬಿಲ್ ಐತೇನು?"

ಇದೆಲ್ಲ ತಡೆದುಕೊಂಡೆ. ತಡೆದುಕೊಳ್ಳಲು ಆಗದ್ದು ಕೊನೆಯದ್ದು. ರಾತ್ರಿ ಹತ್ತೂವರೆಗೆ, ಬಹಳ ಪ್ರೀತಿಯಿಂದ ಬಂದ ಮೆಸೇಜ್: "ಟೆನ್ಷನ್ ತಗೋಬ್ಯಾಡ ತಮ್ಮಾ. ನನ್ನ ಕಡೆ ಲಿವರ್ ಟಾನಿಕ್ ಐತಿ, ಪ್ಯೂರ್ ಹರ್ಬಲ್. 1,200ರದ್ದು. ನಿನಗಂತ 900ಕ್ಕ ಕೊಡ್ತೀನಿ."

ಕೈಗೆ ಡ್ರಿಪ್ ಹಾಕಿಕೊಂಡು ಮಲಗಿದ್ದೇನೆ ಮಾರಾಯರೇ. ಗಿರಾಕಿ ಅಂತಲೇ ಕಾಣಿಸಿದೆ ಅವನಿಗೆ.

ಆಯಿ ಊರಿಂದ ಓಡಿ ಬಂದಳು, ಚೀಲದಲ್ಲಿ ನೆಲನೆಲ್ಲಿ ಕಟ್ಟು. ನಮ್ಮ ಕಡೆ ಕಾಮಾಲೆಗೆ ಅದನ್ನೇ ಅರೆದು ಕೊಡೋದು. ಇನ್ನು ಯಾವ ಗಿಡವೂ ಬಾಯಿಗೆ ಬೇಡ ಅಂತ ಡಾಕ್ಟರ್ ಖಡಾಖಂಡಿತ ಹೇಳಿದರು. ಆಯಿಗೆ ಬೇಜಾರಾಯಿತು. ಮೂರು ದಿನ ಆ ಕಟ್ಟು ಮಂಚದ ಕೆಳಗೆ ಒಣಗಿತು.

ಹಾಸಿಗೆಯಲ್ಲಿ ಬೇರೇನು ಕೆಲಸ, ಆ 2015ರ ಪೇಪರ್ ಓದಿದೆ. ಅವನು ತೋರಿಸದ ಅಂಕಿ ಇದು: ಏನೂ ಇಲ್ಲದ ಗುಳಿಗೆ ತಿಂದ ಗುಂಪಿನವರೂ 26 ಕೆಜಿ ಏರಿಸಿದ್ದರು! ಎರಡೂ ಗುಂಪಿನವರು ಭಾರ ಎತ್ತಿ ಅಭ್ಯಾಸ ಇಲ್ಲದವರು. ಹೊಸಬರು ಎಂಟು ವಾರ ಎತ್ತಿದರೆ ಹೇಗೂ ಏರುತ್ತೆ. ನನ್ನ 30ರಿಂದ 45 ಕೂಡ ಅದೇ. ನಾನು ಜಿಮ್ ಸೇರಿ ಆಗಿನ್ನೂ ಐದು ವಾರ, ಮೆಸ್ಸಲ್ಲಿ ಒಂದು ಮೊಟ್ಟೆ ಜಾಸ್ತಿ ತಿನ್ನುತ್ತಿದ್ದೆ. ಅದರ ಹೆಗ್ಗಳಿಕೆಯನ್ನು ಡಬ್ಬಿಗೆ ಕೊಟ್ಟೆ. ಇನ್ನೊಂದು, ಅವರಿಗೆ ಕೊಟ್ಟಿದ್ದು ಅಳತೆ ಮಾಡಿದ ಬೇರಿನ ಸಾರ, 300 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ನನ್ನ ಚಮಚದಲ್ಲಿ ಇದ್ದದ್ದು ಏನು, ಎಷ್ಟು, ಯಾರಿಗೆ ಗೊತ್ತು?

ಅಶ್ವಗಂಧ ವಿಷ ಅಂತ ನಾನು ಹೇಳುತ್ತಿಲ್ಲ. ನಮ್ಮಜ್ಜ ಹಿರೇಮದ್ದಿನ, ಅಂದ್ರೆ ಅಶ್ವಗಂಧದ, ಬೇರನ್ನು ಹಾಲಲ್ಲಿ ಕುದಿಸಿ ಕುಡಿಯುತ್ತಿದ್ದ, 84 ವರ್ಷ ಬದುಕಿದ. ಆದರೆ ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ ಅನ್ನೋದು ಸುಳ್ಳು. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು ಐದು ಜನರ ಕೇಸು ಬರೆದಿದ್ದಾರೆ. ಅಶ್ವಗಂಧ ತಗೊಂಡು 2ರಿಂದ 12 ವಾರದೊಳಗೆ ಕಾಮಾಲೆ, ಜೊತೆಗೆ ತುರಿಕೆ. ಓದುತ್ತಾ ನನ್ನದೇ ಕಥೆ ಓದಿದ ಹಾಗಾಯಿತು. ಇದು ಅಪರೂಪ, ನಿಜ. ಡೆನ್ಮಾರ್ಕಿನವರು 2023ರಲ್ಲಿ ಮಾರಾಟವನ್ನೇ ನಿಲ್ಲಿಸಿದರು, ಅದು ಹಾರ್ಮೋನು ಏರುಪೇರಾಗಬಹುದು ಅನ್ನೋ ಭಯಕ್ಕೆ. ನನಗೆ ಆಗಿದ್ದು ಅಶ್ವಗಂಧದಿಂದಲೋ, ಬೆರೆಸಿದ ಇನ್ಯಾವುದರಿಂದಲೋ ಅಂತ ಡಾಕ್ಟರೂ ಗೆರೆ ಎಳೆದ ಹಾಗೆ ಹೇಳಲಿಲ್ಲ. ನಿಲ್ಲಿಸಿದ ಮೇಲೆ ಇಳಿಯಿತು. ಬಿಲಿರುಬಿನ್ ಸರಿಹೋಗಲು ಹತ್ತು ವಾರ ಹಿಡಿಯಿತು. ಓಟ ಈಗ 8 ನಿಮಿಷದ ಮೇಲೆ.

ನಿಮಗೆ ಹೇಳೋದು ಇಷ್ಟೇ. ಜಿಮ್ಮಲ್ಲಿ, ಬಿಲ್ ಇಲ್ಲದೆ, ಬೇರೆಯವರ ಖಾತೆಗೆ ದುಡ್ಡು ಹಾಕಿಸಿಕೊಂಡು ಕೊಡುವ ಡಬ್ಬಿ ಮುಟ್ಟಬೇಡಿ. ತಿನ್ನಲೇಬೇಕು ಅಂದ್ರೆ ಓದಿದ ಆಯುರ್ವೇದ ವೈದ್ಯರನ್ನು ಕೇಳಿ, ಅಂಗಡಿಯಿಂದ ಬಿಲ್ ಸಮೇತ ತಗೊಳ್ಳಿ, ಲೈಸೆನ್ಸ್ ಮತ್ತು ಬ್ಯಾಚ್ ನಂಬರ್ ನೋಡಿ. ತುರಿಕೆಯೋ ಡಿಕಾಕ್ಷನ್ ಬಣ್ಣದ ಉಚ್ಚೆಯೋ ಕಂಡರೆ ಅವತ್ತೇ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಕೇಳಿದಾಗ ಪುಡಿ ಹೆಸರೂ ಹೇಳಿ. ಮತ್ತೆ ಶ್ಯಾಣ್ಯಾ ಅಂತ ಯಾರಾದರೂ ಹೊಗಳಿದರೆ ಜೇಬು ಮುಟ್ಟಿ ನೋಡಿಕೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇನೆ. ಬಿಲ್ ಕೇಳಿದರು. ಯುಪಿಐ ಸ್ಕ್ರೀನ್‌ಶಾಟ್, ಡಬ್ಬಿ ಫೋಟೋ ಜೋಡಿಸಿ ಇಟ್ಟುಕೊಂಡಿದ್ದೇನೆ. ಪಕ್ಕದ ರೂಮಿನ ಹುಡುಗನ ಡಬ್ಬಿಯ ಸ್ಟಿಕ್ಕರ್ ಮೊನ್ನೆ ಇಬ್ಬರೂ ಸೇರಿ ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದೆವು. ಅವನದ್ದರಲ್ಲಿ ಎಂಆರ್‌ಪಿ 165.

ವಿಡಿಯೋ ತೆಗಿ ಅಂತ ಟ್ರೇನರ್‌ಗೆ ನಾಲ್ಕು ಸಲ ಮೆಸೇಜ್ ಮಾಡಿದೆ. "ನೀನ ಖುಷಿಲೆ ಹೇಳಿದ್ದಲ್ಲ" ಅಂದ. ಆಮೇಲೆ ಬ್ಲಾಕ್ ಮಾಡಿದ. ನಿನ್ನೆ ರಾತ್ರಿ ಬೇರೆಯವರ ಮೊಬೈಲಲ್ಲಿ ನೋಡಿದೆ. ಇನ್ನೂ ಅಲ್ಲೇ ಇದೆ. ಕೆಳಗೆ ಹೊಸ ಸಾಲು ಸೇರಿಸಿದ್ದಾನೆ: 'ಸಿರ್ಸಿ ಹುಡುಗನ ಮಾತು ಕೇಳಿ'.